ಜಿಂಕೆಯ ಕೊಂಬಿನ ಮೇಲಿನ ಮಕಮಲ್ಲು: ಉಳಿಸುವುದು ಏಕೆ ಕಷ್ಟ?

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಗೋಡೆಗೆ ತೂಗುಹಾಕಿದ ಜಿಂಕೆ ಅಥವಾ ಕಡವೆಯ ಕೊಂಬುಗಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕಂದು ಬಣ್ಣದ, ಒರಟಾದ, ಕಲ್ಲಿನಂತೆ ಗಟ್ಟಿಯಾದ ಕೊಂಬುಗಳು ಅವು. ಧೂಳು ಒರೆಸಿದರೆ ಸಾಕು, ಅಜ್ಜನ ಕಾಲದ್ದು ಮೊಮ್ಮಗನ ಕಾಲಕ್ಕೂ ಹಾಗೆಯೇ ಇರುತ್ತದೆ. ಆದರೆ ಕಾಡಿನಲ್ಲಿ ಓಡಾಡುವ ಗಂಡು ಜಿಂಕೆಯ ಕೊಂಬು ವರ್ಷದ ಎಲ್ಲ ತಿಂಗಳೂ ಹೀಗಿರುವುದಿಲ್ಲ. ಕೊಂಬು ಬೆಳೆಯುವ ತಿಂಗಳುಗಳಲ್ಲಿ ಅದರ ಮೇಲೆ ಮಕಮಲ್ಲಿನ ಬಟ್ಟೆ ಸುತ್ತಿದಂತೆ ಮೆತ್ತನೆಯ, ಸಣ್ಣ ರೋಮಗಳ ಹೊದಿಕೆ ಇರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ವೆಲ್ವೆಟ್ ಎಂದೇ ಕರೆಯುತ್ತಾರೆ.

ಈ ವೆಲ್ವೆಟ್ ಹಾಗೆಯೇ ಉಳಿಯುವಂತೆ ಕೊಂಬನ್ನು ತಲೆಬುರುಡೆಯ ಸಮೇತ ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಕಳೆದ ರಜೆಯಲ್ಲಿ ನನ್ನ ಮಾಮುವಿನ ಮನೆಯಲ್ಲಿ ಈ ಪ್ರಶ್ನೆ ನನ್ನ ಮುಂದೆ ಬಂತು. ಅದು ಹೇಗೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ವಿಷಯವನ್ನು ಬುಡದಿಂದ ನೋಡೋಣ. ದ್ವಿತೀಯ ಪಿಯುಸಿಯ ಜೀವಶಾಸ್ತ್ರ, ರಸಾಯನಶಾಸ್ತ್ರ ಎರಡೂ ಇದರೊಳಗೆ ಇವೆ.

ಎರಡು ಬಗೆಯ ಕೊಂಬು

ಕನ್ನಡದಲ್ಲಿ ಆಡಿನದ್ದೂ ಕೊಂಬು, ಜಿಂಕೆಯದ್ದೂ ಕೊಂಬು. ಜೀವಶಾಸ್ತ್ರದಲ್ಲಿ ಇವೆರಡೂ ಬೇರೆ ಬೇರೆ. ಆಡು, ಕುರಿ, ದನ, ಎಮ್ಮೆ, ಕೃಷ್ಣಮೃಗ ಇವುಗಳದ್ದು ಹಾರ್ನ್. ಒಳಗೆ ಮೂಳೆಯ ತಿರುಳು, ಹೊರಗೆ ಕೆರಾಟಿನ್‌ನ ಚಿಪ್ಪು. ನಮ್ಮ ಉಗುರು, ಕೂದಲು ಆಗಿರುವುದೂ ಕೆರಾಟಿನ್‌ನಿಂದಲೇ. ಈ ಕೊಂಬು ಜೀವನಪೂರ್ತಿ ಬೆಳೆಯುತ್ತದೆ, ಉದುರುವುದಿಲ್ಲ, ಕವಲೊಡೆಯುವುದಿಲ್ಲ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕಾಣುವ ಕೃಷ್ಣಮೃಗದ ಸುರುಳಿ ಕೊಂಬು ಈ ಜಾತಿಯದ್ದು.

ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಇವುಗಳದ್ದು ಆಂಟ್ಲರ್, ಅಂದರೆ ಕವಲುಕೊಂಬು. ಇದು ಪೂರ್ತಿ ಮೂಳೆ. ಹಣೆಯ ಮೂಳೆಯ ಮೇಲಿರುವ ಪೆಡಿಕಲ್ ಎಂಬ ಗುಬುಟಿನಿಂದ ಹುಟ್ಟಿ, ಬೆಳೆದು, ಕೆಲವು ತಿಂಗಳು ಗಟ್ಟಿಯಾಗಿ ನಿಂತು, ಕೊನೆಗೆ ತಾನಾಗಿ ಉದುರಿಬೀಳುತ್ತದೆ. ಅದೇ ಜಾಗದಲ್ಲಿ ಮತ್ತೆ ಹೊಸದು ಹುಟ್ಟುತ್ತದೆ. ಹಿಮಸಾರಂಗವೊಂದನ್ನು ಬಿಟ್ಟರೆ ಉಳಿದ ಜಿಂಕೆಗಳಲ್ಲಿ ಗಂಡಿಗೆ ಮಾತ್ರ ಈ ಕೊಂಬು. ಇಡೀ ಅಂಗವೊಂದು ಉದುರಿ ಮತ್ತೆ ಪೂರ್ತಿಯಾಗಿ ಬೆಳೆಯುವ ಇಂಥ ಉದಾಹರಣೆ ಸಸ್ತನಿಗಳಲ್ಲಿ ಬೇರೆ ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ವಿಜ್ಞಾನಿಗಳಿಗೆ ಇದರ ಮೇಲೆ ಅಷ್ಟು ಆಸಕ್ತಿ.

ವೆಲ್ವೆಟ್ ಎಂದರೆ ಜೀವಂತ ಚರ್ಮ

ಬೆಳೆಯುವ ಕೊಂಬಿಗೆ ಕ್ಯಾಲ್ಸಿಯಂ, ಫಾಸ್ಫರಸ್, ಪ್ರೊಟೀನ್, ಆಮ್ಲಜನಕ ಎಲ್ಲವೂ ಬೇಕು. ಅವನ್ನು ಹೊತ್ತು ತರುವುದು ರಕ್ತ. ಆ ರಕ್ತನಾಳಗಳು ಬಹುಪಾಲು ಇರುವುದು ವೆಲ್ವೆಟ್ ಚರ್ಮದಲ್ಲಿ. ಅದರಲ್ಲಿ ನರಗಳೂ ಇವೆ. ಬೆಳೆಯುತ್ತಿರುವ ಕೊಂಬನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಗಾಯವಾದರೆ ರಕ್ತ ಸುರಿಯುತ್ತದೆ, ಪ್ರಾಣಿಗೆ ನೋವಾಗುತ್ತದೆ. ತುದಿಯಲ್ಲಿ ಮೃದ್ವಸ್ಥಿ ಬೆಳೆಯುತ್ತ ಹೋಗುತ್ತದೆ, ಅದರ ಹಿಂದೆ ಹಿಂದೆಯೇ ಖನಿಜ ತುಂಬಿ ಮೂಳೆಯಾಗುತ್ತದೆ. ಉತ್ತರ ಅಮೆರಿಕದ ಎಲ್ಕ್, ಮೂಸ್‌ನಂಥ ದೊಡ್ಡ ಜಿಂಕೆಗಳಲ್ಲಿ ಈ ಬೆಳವಣಿಗೆ ದಿನಕ್ಕೆ ಸುಮಾರು 2 ಸೆಂಟಿಮೀಟರ್‌ವರೆಗೂ ಇರುತ್ತದೆ.

ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಈ ಚಕ್ರ ಋತುವಿಗೆ ತಕ್ಕಂತೆ ನಡೆಯುತ್ತದೆ. ವಸಂತದಲ್ಲಿ ಕೊಂಬು ಹುಟ್ಟುತ್ತದೆ, ಬೇಸಿಗೆಯಿಡೀ ವೆಲ್ವೆಟ್‌ನೊಳಗೆ ಬೆಳೆಯುತ್ತದೆ. ಬೇಸಿಗೆ ಮುಗಿಯುತ್ತ ಹಗಲು ಚಿಕ್ಕದಾದಂತೆ ಗಂಡಿನ ರಕ್ತದಲ್ಲಿ ಟೆಸ್ಟೊಸ್ಟಿರೋನ್ ಹಾರ್ಮೋನು ಏರುತ್ತದೆ. ಕೊಂಬು ಪೂರ್ತಿ ಗಟ್ಟಿಯಾಗುತ್ತದೆ, ವೆಲ್ವೆಟ್‌ಗೆ ಬರುವ ರಕ್ತ ನಿಲ್ಲುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಹೊತ್ತಿಗೆ ಜಿಂಕೆ ಅದನ್ನು ಗಿಡಮರಗಳಿಗೆ ತಿಕ್ಕಿ ಉದುರಿಸುತ್ತದೆ. ಹೆಚ್ಚಾಗಿ ಒಂದು ದಿನದೊಳಗೇ ಈ ಕೆಲಸ ಮುಗಿದುಹೋಗುತ್ತದೆ. ಬೀಜ ಒಡೆದ ಗಂಡಿನಲ್ಲಿ ಟೆಸ್ಟೊಸ್ಟಿರೋನ್ ಏರುವುದೇ ಇಲ್ಲ. ಅದರ ಕೊಂಬಿನ ವೆಲ್ವೆಟ್ ಉದುರದೆ ಉಳಿದುಬಿಡುತ್ತದೆ. ಒಂದು ಹಾರ್ಮೋನು ಒಂದು ಅಂಗವನ್ನು ಹೇಗೆ ಆಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ನಮ್ಮ ಕಾಡಿನ ಚುಕ್ಕೆ ಜಿಂಕೆಗಳಲ್ಲಿ ಎಲ್ಲ ಗಂಡುಗಳೂ ಒಟ್ಟಿಗೆ ಕೊಂಬು ಉದುರಿಸುವುದಿಲ್ಲ. ಬಂಡೀಪುರದಲ್ಲಿ ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದ್ದು, ವೆಲ್ವೆಟ್ ಕೊಂಬಿನದ್ದು, ಕೊಂಬು ಉದುರಿಸಿಕೊಂಡದ್ದು ಮೂರನ್ನೂ ಕಾಣಬಹುದು.

ಕೊಳೆಯದಂತೆ ತಡೆಯುವುದು

ಗಟ್ಟಿ ಕೊಂಬು ಮೂಳೆಯಾದ್ದರಿಂದ ಕೊಳೆಯುವುದಿಲ್ಲ. ವೆಲ್ವೆಟ್ ಕೊಂಬು ರಕ್ತ ತುಂಬಿದ ಚರ್ಮ. ಪ್ರಾಣಿ ಸತ್ತ ಗಳಿಗೆಯಿಂದಲೇ ಬ್ಯಾಕ್ಟೀರಿಯಾಗಳ ಕೆಲಸ ಶುರು. ಬಕ್ರೀದ್ ದಿನ ಚರ್ಮ ಸಂಗ್ರಹಿಸುವವರು ಎಷ್ಟು ಅವಸರದಲ್ಲಿ ಉಪ್ಪು ಸವರುತ್ತಾರೆ ನೆನಪಿಸಿಕೊಳ್ಳಿ. ಮಧ್ಯಾಹ್ನದವರೆಗೆ ಹಾಗೆಯೇ ಬಿಟ್ಟ ಚರ್ಮದ ರೋಮ ಕೈಗೆ ಕಿತ್ತುಬರುತ್ತದೆ, ಬೆಲೆಯೂ ಹೋಗುತ್ತದೆ. ಉಪ್ಪು ಚರ್ಮದ ನೀರನ್ನು ಎಳೆದುಕೊಳ್ಳುತ್ತದೆ. ನೀರಿಲ್ಲದೆ ಬ್ಯಾಕ್ಟೀರಿಯಾ ಬೆಳೆಯದು. ವೆಲ್ವೆಟ್‌ನ ಕತೆಯೂ ಇದೇ. ಆದರೆ ಅದನ್ನು ಕೊಂಬಿನಿಂದ ಸುಲಿಯದೆ, ಇದ್ದಲ್ಲೇ ಉಳಿಸಬೇಕು. ಕಷ್ಟ ಇರುವುದು ಅಲ್ಲಿ.

ಈ ಕೆಲಸ ಹೆಚ್ಚಾಗಿ ನಡೆಯುವುದು ಉತ್ತರ ಅಮೆರಿಕದಲ್ಲಿ. ಅಲ್ಲಿ ಜಿಂಕೆ ಬೇಟೆಗೆ ಪರವಾನಗಿ, ನಿಗದಿತ ದಿನ, ಮಿತಿ ಎಲ್ಲವೂ ಇವೆ. ಕೆಂಟಕಿ ರಾಜ್ಯದಲ್ಲಿ ಬಿಲ್ಲುಬಾಣದ ಬೇಟೆ ಸೆಪ್ಟೆಂಬರ್‌ನ ಮೊದಲ ಶನಿವಾರ ಶುರುವಾಗುತ್ತದೆ. ಟೆನೆಸಿಯಲ್ಲಿ ಆಗಸ್ಟ್ ಕೊನೆಯಲ್ಲಿ ಮೂರು ದಿನ ಅವಕಾಶವಿದೆ. ಆ ಹೊತ್ತಿಗೆ ಕೆಲವು ಗಂಡುಗಳ ಕೊಂಬಿನಲ್ಲಿ ವೆಲ್ವೆಟ್ ಇನ್ನೂ ಇರುತ್ತದೆ. ಸೆಕೆಯೂ ಇರುತ್ತದೆ. ಅಲ್ಲಿಯ ಟ್ಯಾಕ್ಸಿಡರ್ಮಿ ಕಸುಬಿನವರು ಅನುಸರಿಸುವ ಕ್ರಮ ಸ್ಥೂಲವಾಗಿ ಹೀಗಿದೆ.

ಮೊದಲನೆಯದು, ಕೊಂಬನ್ನು ಹಿಡಿದು ಎಳೆಯಬಾರದು. ಬೆರಳು ಒತ್ತಿದ ಕಡೆ ವೆಲ್ವೆಟ್ ಜಾರುತ್ತದೆ. ಒಮ್ಮೆ ಜಾರಿದ್ದನ್ನು ಮತ್ತೆ ಕೂರಿಸಲಾಗದು.

ಎರಡನೆಯದು, ಕೆಲವೇ ಗಂಟೆಗಳಲ್ಲಿ ತಣ್ಣಗಾಗಿಸಬೇಕು. ಕೂಡಲೇ ಮುಂದಿನ ಕೆಲಸ ಮಾಡಲಾಗದಿದ್ದರೆ ತಲೆಯನ್ನು ಇಡಿಯಾಗಿ ಫ್ರೀಜರ್‌ನಲ್ಲಿಡುತ್ತಾರೆ. ಚಳಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೆ.

ಮೂರನೆಯದು, ರಕ್ತ ಹೊರಹಾಕಬೇಕು. ಕೊಂಬನ್ನು ತಲೆಕೆಳಗಾಗಿ ತೂಗಿ, ಪ್ರತಿ ಕವಲಿನ ತುದಿಯಲ್ಲಿ ಸಣ್ಣ ತೂತು ಮಾಡುತ್ತಾರೆ. ಬುಡದ ರಕ್ತನಾಳಕ್ಕೆ ಸಿರಿಂಜಿನಿಂದ ದ್ರಾವಣ ಚುಚ್ಚುತ್ತಾರೆ. ಒಳಗಿನ ರಕ್ತ ತುದಿಯಿಂದ ಹೊರಬಂದು, ಕೊನೆಗೆ ತಿಳಿಯಾದ ದ್ರಾವಣ ಬರುವವರೆಗೆ ಇದು ನಡೆಯುತ್ತದೆ.

ನಾಲ್ಕನೆಯದು, ಪ್ರೊಟೀನನ್ನು ಸ್ಥಿರಗೊಳಿಸಬೇಕು. ಇದಕ್ಕೆ ಬಳಸುವುದು ಫಾರ್ಮಲಿನ್. ವೆಲ್ವೆಟ್‌ನ ಅಡಿಗೆ ಅಲ್ಲಲ್ಲಿ ಸೂಜಿ ಚುಚ್ಚಿ ತುಂಬಿಸಿ, ಮೇಲೆ ಬ್ರಷ್‌ನಿಂದಲೂ ಹಚ್ಚಿ, ಗಾಳಿಯಾಡುವ ಜಾಗದಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ.

ಇನ್ನೊಂದು ದಾರಿ ಫ್ರೀಜ್ ಡ್ರೈಯಿಂಗ್. ಹೆಪ್ಪುಗಟ್ಟಿಸಿದ ಕೊಂಬನ್ನು ನಿರ್ವಾತ ಕೋಣೆಯಲ್ಲಿಟ್ಟರೆ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ಉತ್ಪತನ ಎಂದು ನಾವು ಓದುವುದು ಇದನ್ನೇ. ಚರ್ಮದ ಆಕಾರ, ಬಣ್ಣ ಕೆಡುವುದಿಲ್ಲ. ಆದರೆ ಯಂತ್ರ ದುಬಾರಿ, ಮನೆಯಲ್ಲಿ ಆಗುವ ಕೆಲಸವಲ್ಲ. ಯಾವುದೂ ಆಗದಿದ್ದರೆ ವೆಲ್ವೆಟ್ ಸುಲಿದು, ಮೂಳೆಯ ಮೇಲೆ ಕೃತಕ ನಾರಿನ ಹುಡಿ ಅಂಟಿಸಿ ಅದರಂತೆ ಕಾಣಿಸುತ್ತಾರೆ.

ಇಷ್ಟಾದರೂ ಫಲ ಸಿಗುವುದು ಕೊಂಬು ಎಷ್ಟು ಬಲಿತಿದೆ ಎನ್ನುವುದರ ಮೇಲೆ. ಎಳೆಯ ಕೊಂಬಿನ ತುದಿಯಲ್ಲಿ ನೀರು ತುಂಬಿದ ಮೃದ್ವಸ್ಥಿ ಇರುವುದರಿಂದ ಅದು ಒಣಗಿ ಸುಕ್ಕುಗಟ್ಟುತ್ತದೆ.

ಫಾರ್ಮಲಿನ್ ಏನು ಮಾಡುತ್ತದೆ?

ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವು, ಮೀನು ಕೊಳೆಯದೆ ಕುಳಿತಿರುವುದು ಇದರಿಂದಲೇ. ಫಾರ್ಮಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಲಿನ್. ಅಂಗಾಂಶಗಳನ್ನು ಇದು ಗಟ್ಟಿಗೊಳಿಸುತ್ತದೆ ಎಂದು ಜರ್ಮನಿಯ ಫರ್ಡಿನಾಂಡ್ ಬ್ಲುಮ್ 1893ರಲ್ಲಿ ತೋರಿಸಿದರು. ಈ ಅಣು ಒಂದು ಪ್ರೊಟೀನ್ ಸರಪಳಿಗೂ ಪಕ್ಕದ ಸರಪಳಿಗೂ ನಡುವೆ ಸೇತುವೆ ಕಟ್ಟುತ್ತದೆ. ಹೀಗೆ ಕಟ್ಟಿಹಾಕಿದ ಪ್ರೊಟೀನನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಒಡೆಯಲಾರವು. ಬ್ಯಾಕ್ಟೀರಿಯಾದ ಪ್ರೊಟೀನಿಗೂ ಇದೇ ಗತಿಯಾಗುವುದರಿಂದ ಅದೂ ಸಾಯುತ್ತದೆ.

ನಮ್ಮ ಕಣ್ಣು, ಮೂಗು, ಶ್ವಾಸಕೋಶ ಕೂಡ ಪ್ರೊಟೀನೇ. ಜಾಡಿಯ ಮುಚ್ಚಳ ತೆರೆದಾಗ ಕಣ್ಣಲ್ಲಿ ನೀರು ಬರುವುದು ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಕಸುಬಿನವರು ಕೈಗವಸು, ಕನ್ನಡಕ, ತಕ್ಕ ಮುಖಗವಸು ಇಲ್ಲದೆ ಇದನ್ನು ಮುಟ್ಟುವುದಿಲ್ಲ. ಸೂಜಿಯಿಂದ ಒತ್ತಿದ ದ್ರಾವಣ ಇನ್ನೊಂದು ತೂತಿನಿಂದ ಚಿಮ್ಮಿ ಕಣ್ಣಿಗೆ ಬೀಳುವ ಅಪಾಯವೂ ಇದೆ. ಅಡುಗೆಮನೆಯ ಮೂಲೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ತಲೆಬುರುಡೆಯ ಕೆಲಸ

ತಲೆಬುರುಡೆಯನ್ನು ಶುಚಿ ಮಾಡುವ ಸಾಮಾನ್ಯ ಕ್ರಮ ಹೀಗಿದೆ: ಚರ್ಮ, ಮಾಂಸ ತೆಗೆದು, ನೀರಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಉಳಿದ ಮಾಂಸ ಕೆರೆದು, ಮೂಳೆಯ ಜಿಡ್ಡು ತೆಗೆದು, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬೆಳ್ಳಗಾಗಿಸುವುದು. ವೆಲ್ವೆಟ್ ಇರುವಾಗ ಇದೇ ತೊಡಕು. ಬುರುಡೆಗೆ ಬಿಸಿನೀರು ಬೇಕು, ವೆಲ್ವೆಟ್‌ಗೆ ಬಿಸಿನೀರಿನ ಆವಿಯೂ ಆಗದು. ಆದ್ದರಿಂದ ಕೆಲವರು ಕೊಂಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಕೊಂಬಿನ ಬುಡದ ಕೆಳಗೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಕೆಲವರು ಕೊಂಬನ್ನು ಬುಡದಲ್ಲಿ ಗರಗಸದಿಂದ ಕೊಯ್ದು, ಎರಡನ್ನೂ ಬೇರೆ ಬೇರೆ ಸಂಸ್ಕರಿಸಿ, ಕೊನೆಗೆ ಲೋಹದ ಕಡ್ಡಿ ತೂರಿಸಿ ಜೋಡಿಸುತ್ತಾರೆ. ಒಣಮಾಂಸ ತಿನ್ನುವ ಡರ್ಮೆಸ್ಟಿಡ್ ಜೀರುಂಡೆಗಳಿಂದ ಬುರುಡೆ ಶುಚಿ ಮಾಡಿಸುವ ಪದ್ಧತಿಯೂ ಇದೆ. ಆದರೆ ಜೀರುಂಡೆಗಳಿಗೆ ಮಾಂಸವೂ ಒಂದೇ, ವೆಲ್ವೆಟ್ಟೂ ಒಂದೇ!

ಇನ್ನೊಂದು ಎಚ್ಚರಿಕೆ ರೋಗದ್ದು. 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಗುರುತಿಸಿದ ಒಂದು ಕ್ಷಯಿಸುವ ರೋಗ ಈಗ ಅಲ್ಲಿಯ ಬಹಳ ರಾಜ್ಯಗಳಿಗೆ ಹರಡಿದೆ. ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ, ತಪ್ಪಾಗಿ ಮಡಚಿಕೊಂಡ ಪ್ರಿಯಾನ್ ಎಂಬ ಪ್ರೊಟೀನು. ರೋಗ ತಗುಲಿದ ಎಲ್ಕ್‌ಗಳ ವೆಲ್ವೆಟ್‌ನಲ್ಲೂ ಪ್ರಿಯಾನ್ ಇರುವುದನ್ನು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಫಾರ್ಮಲಿನ್ ಪ್ರಿಯಾನನ್ನು ನಾಶಮಾಡುವುದಿಲ್ಲ. ಅದಕ್ಕಾಗಿ ಮಿದುಳು, ಮಾಂಸ ಅಂಟಿದ ತಲೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಪರವಾನಗಿ ಇದ್ದ ದೇಶದಲ್ಲೂ ಇದು ಮನಸ್ಸಿಗೆ ಬಂದಂತೆ ಮಾಡುವ ಕೆಲಸವಲ್ಲ.

ಮಾಮುವಿನ ತೋಟದಲ್ಲಿ

ಈಗ ನನ್ನ ಮುಂದೆ ಬಂದ ಪ್ರಶ್ನೆಗೆ ಬರುತ್ತೇನೆ. ನನ್ನ ಮಾಮು ಇರುವುದು ಭದ್ರಾ ಅಭಯಾರಣ್ಯದ ಅಂಚಿನ ಒಂದು ಹಳ್ಳಿಯಲ್ಲಿ. ಒಂದು ಬೆಳಿಗ್ಗೆ ಅವರ ತೋಟದ ಬೇಲಿಯ ಬಳಿ ಗಂಡು ಚುಕ್ಕೆ ಜಿಂಕೆಯೊಂದು ಸತ್ತು ಬಿದ್ದಿತ್ತು. ರಾತ್ರಿ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು. ಅದರ ಕೊಂಬಿನ ತುಂಬ ವೆಲ್ವೆಟ್. ನೋಡಲು ಬಂದವರಲ್ಲಿ ಒಬ್ಬರು, "ನಾವೇನೂ ಹೊಡೆದಿಲ್ಲ, ತಾನಾಗಿ ಸತ್ತದ್ದು. ತಲೆ ಇಟ್ಟುಕೊಂಡರೆ ಏನು ತಪ್ಪು?" ಎಂದರು. ಮಾಮುವಿನ ದೊಡ್ಡ ಮಗ ನನ್ನ ಕಡೆ ತಿರುಗಿ, "ನೀನು ಬಯಾಲಜಿ ಓದುತ್ತೀಯಲ್ಲ, ಇದನ್ನು ಕೆಡದಂತೆ ಇಡುವುದು ಹೇಗೆ ಹೇಳು" ಎಂದ.

ಹೇಗೆ ಎಂಬುದನ್ನು ಮೇಲೆ ಬರೆದಿದ್ದೇನೆ. ಅಲ್ಲಿ ನಾನು ಹೇಳಿದ್ದು ಬೇರೆ ಮಾತು: "ಭಯ್ಯಾ, ಇದು ನಮ್ಮದಲ್ಲ." 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಬೇಟೆಯಾಡಿದ ಕಾಡುಪ್ರಾಣಿಯಷ್ಟೇ ಅಲ್ಲ, ಸತ್ತು ಸಿಕ್ಕ ಪ್ರಾಣಿಯೂ ಸರ್ಕಾರದ ಆಸ್ತಿ. ಅಂಥದ್ದು ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರಿಗೆ ತಿಳಿಸಬೇಕು. ಕೊಂಬು, ಮೂಳೆ, ಚರ್ಮ, ಹಲ್ಲು ಎಲ್ಲವೂ ಕಾಯ್ದೆಯೊಳಗೆ ಬರುತ್ತವೆ. 2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಉಲ್ಲಂಘನೆಗೇ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಫೋನ್ ಮಾಡಿದರು. ಅರಣ್ಯ ಸಿಬ್ಬಂದಿ, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿದರು. ಸಾವು ನಾಯಿ ಕಡಿತದಿಂದ ಎಂದು ಬರೆದುಕೊಂಡು, ಮಹಜರಿಗೆ ಸಹಿ ಹಾಕಿಸಿ, ಕಳೇಬರವನ್ನು ಕೊಂಬಿನ ಸಮೇತ ಸುಟ್ಟರು. ಸಂಜೆಯವರೆಗೆ ಭಯ್ಯಾ ನನ್ನೊಂದಿಗೆ ಮಾತಾಡಲಿಲ್ಲ. ಆದರೆ ಆ ಕಾಗದ ಇಲ್ಲದೆ ಹೋಗಿದ್ದರೆ, ತೋಟದ ಬೇಲಿಯ ಬಳಿ ಸತ್ತ ಜಿಂಕೆಗೆ ಮೊದಲು ಉತ್ತರ ಹೇಳಬೇಕಾಗಿದ್ದವರು ಮಾಮುವೇ.

ಕಾಡಿನಲ್ಲಿ ಉದುರಿಬಿದ್ದ ಕೊಂಬಿನ ವಿಷಯವೂ ಹೀಗೆಯೇ. ಅದು ಕಸವಲ್ಲ. ಮುಳ್ಳುಹಂದಿ, ಇಲಿಗಳು, ಸ್ವತಃ ಜಿಂಕೆಗಳು ಕೂಡ ಅದನ್ನು ಕಡಿದು ಕ್ಯಾಲ್ಸಿಯಂ, ಫಾಸ್ಫರಸ್ ಪಡೆಯುತ್ತವೆ. ಒಂದು ಜಿಂಕೆ ಹುಲ್ಲಿನಿಂದ ಕೂಡಿಸಿದ ಖನಿಜ ಹೀಗೆ ಕಾಡಿಗೇ ಮರಳುತ್ತದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಬರುವುದು ಅಪರಾಧವೂ ಹೌದು, ಆ ಸರಪಳಿಯನ್ನು ತುಂಡು ಮಾಡುವುದೂ ಹೌದು.

ಅಜ್ಜನ ಕಾಲದ ಕೊಂಬು ಮನೆಯಲ್ಲಿದ್ದರೆ? ಅಂಥವನ್ನು ಘೋಷಿಸಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ಮಾಲೀಕತ್ವ ಪ್ರಮಾಣಪತ್ರ ಇರುವ ವಸ್ತು ವಾರಸುದಾರರಿಗೆ ಬಂದರೆ 90 ದಿನದೊಳಗೆ ಅವರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಮಾರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ಟುಗಳ ಸುದ್ದಿ ರಾಜ್ಯವಿಡೀ ಹಬ್ಬಿದಾಗ ಎಷ್ಟೋ ಮನೆಯವರು ಗೋಡೆಯ ಕಡೆ ನೋಡಿಕೊಂಡರು. ನಿಮ್ಮ ಮನೆಯಲ್ಲಿ ಕಾಗದ ಇದೆಯೇ ಎಂದು ಹಿರಿಯರನ್ನು ಒಮ್ಮೆ ಕೇಳಿ. ಇಲ್ಲದಿದ್ದರೆ ಅದನ್ನು ಅಡಗಿಸುವ, ಎಸೆಯುವ ಬದಲು ವಕೀಲರನ್ನೋ ಅರಣ್ಯ ಕಚೇರಿಯನ್ನೋ ವಿಚಾರಿಸುವುದು ಒಳ್ಳೆಯದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಟ್ಯಾಕ್ಸಿಡರ್ಮಿ ಕಾರ್ಖಾನೆ ಸುಮಾರು ನೂರು ವರ್ಷ ನಡೆಯಿತು. ರಾಜಮಹಾರಾಜರ, ಬ್ರಿಟಿಷ್ ಅಧಿಕಾರಿಗಳ ಬೇಟೆಯ ಹುಲಿ, ಚಿರತೆಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತಿದ್ದವು. 1972ರ ಕಾಯ್ದೆಯೊಂದಿಗೆ ಆ ಕಾಲ ಮುಗಿಯಿತು, 1999ರಲ್ಲಿ ಕಾರ್ಖಾನೆಯೂ ಮುಚ್ಚಿತು. ಕೈಚಳಕ ದೊಡ್ಡದೇ. ಆದರೆ ಅಷ್ಟು ಹುಲಿಗಳು ಗೋಡೆಗೆ ಏರಿದ್ದರಿಂದ ಕಾಡಿನಲ್ಲಿ ಎಷ್ಟು ಉಳಿದವು ಎಂಬುದೂ ನೆನಪಿರಬೇಕು.

ನಾವು ಮಾಡಬಹುದಾದದ್ದು

ಮೂಳೆ ಶುಚಿಗೊಳಿಸುವ ವಿದ್ಯೆ ಕಲಿಯಲು ಕಾಡುಪ್ರಾಣಿ ಬೇಕಾಗಿಲ್ಲ, ಫಾರ್ಮಲಿನ್ ಕೂಡ ಬೇಕಾಗಿಲ್ಲ. ಮಾಂಸದಂಗಡಿಯಲ್ಲಿ ಒಂದು ಆಡಿನ ತಲೆ ಕೇಳಿ. ಸುಡದೆ ಕೊಡಿ ಎನ್ನುವುದನ್ನು ಮರೆಯಬೇಡಿ. ಕೈಗವಸು ಹಾಕಿ ಚರ್ಮ, ಮಾಂಸ ತೆಗೆಯಿರಿ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ, ಮನೆಯ ಹೊರಗೆ, ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ. ಕೊತಕೊತ ಕುದಿಸಿದರೆ ಕೊಬ್ಬು ಮೂಳೆಯೊಳಗೆ ಇಳಿದು ಹಳದಿಯಾಗುತ್ತದೆ, ತೆಳು ಮೂಳೆಗಳೂ ಬಿಡುತ್ತವೆ. ಹಿಂದಿನ ದೊಡ್ಡ ರಂಧ್ರದಿಂದ ಮಿದುಳು ತೆಗೆದು ತೊಳೆಯಿರಿ. ಪಾತ್ರೆ ತೊಳೆಯುವ ದ್ರವ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಕೆಲವು ದಿನ ನೆನೆಸಿ, ನೀರು ಬದಲಿಸುತ್ತಿರಿ. ಕೊನೆಗೆ ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದು ದಿನ ಇಟ್ಟು ನೆರಳಲ್ಲಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಬೇಡ, ಕ್ಲೋರಿನ್ ಮೂಳೆಯನ್ನು ಪುಡಿಯಾಗಿಸುತ್ತದೆ.

ಕಾಯಿಸಿದ ಬಳಿಕ ಆಡಿನ ಕೊಂಬನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಕೆರಾಟಿನ್ ಚಿಪ್ಪು ಕಳಚಿ ಕೈಗೆ ಬರುತ್ತದೆ, ಒಳಗಿನ ಮೂಳೆಯ ತಿರುಳು ಕಾಣುತ್ತದೆ. ಪಠ್ಯಪುಸ್ತಕದ ಎರಡು ಸಾಲು ಆಗ ಕೈಯಲ್ಲೇ ಇರುತ್ತದೆ. ನಮ್ಮ ಪ್ರಯೋಗಾಲಯಕ್ಕೆ ಇಂಥದೊಂದು ತಲೆಬುರುಡೆಯನ್ನು ಈ ವರ್ಷ ಸಿದ್ಧಪಡಿಸಲು ಉಪನ್ಯಾಸಕರು ಒಪ್ಪಿದ್ದಾರೆ. ಆಸಕ್ತಿ ಇರುವ ಪ್ರಥಮ ಪಿಯುಸಿಯವರೂ ಬರಬಹುದು. ಮೂಗು ಮುಚ್ಚಿಕೊಳ್ಳಲು ಒಂದು ಕರವಸ್ತ್ರ ತನ್ನಿ.